ರೊಟ್ಟಿ ಬಡಿದ ಬೆನ್ನಿನ ಡಾಕ್ಟರು

ಬೆನ್ನುಮೂಳೆ ಕೊಯ್ದು ಜೋಡಿಸುವ ಡಾಕ್ಟರೊಬ್ಬರು ಬಳ್ಳಾರಿಯಲ್ಲಿದ್ದರು, ಅವರು ನನ್ನ ಸೋದರಮಾವ ಎಂದರೆ ಜನ ಕೈ ಮುಗಿಯುತ್ತಾರೆ. ಅದೇ ಡಾಕ್ಟರು ರೊಟ್ಟಿ ಸುಟ್ಟು ಓಣಿಗೆಲ್ಲ ಹೊಗೆ ಹಾಕಿದವರು ಎಂದರೆ ಮಾತ್ರ ನಂಬುವುದಿಲ್ಲ! ನಂಬದಿದ್ದರೆ ಬಿಡಿ. ಆ ರೊಟ್ಟಿ ತಿಂದವನು ನಾನು, ನೀವಲ್ಲವಲ್ಲ!

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ, ನಾನು ಮಾವನ ಮನೆಯಲ್ಲೇ ಇದ್ದು ಶಾಲೆಗೆ ಹೋಗುತ್ತಿದ್ದೆ. ಮದರಾಸಿನಲ್ಲೇ ಓದಿ ಬಂದ ಮಾವನಿಗೆ ಒಂದು ಹುಚ್ಚಿತ್ತು. ಉಳಿದ ಡಾಕ್ಟರುಗಳು "ಎಲ್ಲಿ ನೋಯ್ತೈತಿ?" ಎಂದು ಕೇಳಿದರೆ ಇವರದು ಬೇರೆಯೇ ಪ್ರಶ್ನೆ: "ಈ ಬೆನ್ನಿಂದ ನಿನಗೇನ್ ಕೆಲ್ಸ ಆಗಬೇಕು?" ಉತ್ತರ ಸಿಗುವವರೆಗೆ ಚಾಕು ಮುಟ್ಟುವವರಲ್ಲ. ಕೇಳಿ ಸುಮ್ಮನಾದರೂ ಚೆನ್ನಾಗಿತ್ತು. ಆ ಕೆಲಸವನ್ನು ತಾವೇ ಮಾಡಿ ನೋಡಬೇಕು!

ಕುರುಗೋಡಿನ ಗಾಡಿಯವನೊಬ್ಬ ಸೊಂಟ ಹಿಡಿದುಕೊಂಡು ಬಂದು, "ಗಾಡಿ ಹೊಡೀಬೇಕ್ರಿ" ಎಂದ. ಮಾವ ಕೋಟು ತೊಟ್ಟೇ ಅವನ ಎತ್ತಿನ ಗಾಡಿ ಹತ್ತಿ, ಅವನನ್ನು ಹಿಂದೆ ಹುಲ್ಲಿನ ಮೇಲೆ ಕೂರಿಸಿ, ತಾವು ಮುಂದೆ ನೊಗದ ಕಡೆಗೆ ಚಾಚಿದ ಮೂಕಿಮರದ ಮೇಲೆ ಕೂತು, ಕುರುಗೋಡಿನವರೆಗೆ ತಾವೇ ಹಗ್ಗ ಹಿಡಿದರು. ಊರು ಮುಟ್ಟಿದಾಗ ತಾನಾಗಿ ಇಳಿದವನು ರೋಗಿ, ಎತ್ತಿ ಇಳಿಸಬೇಕಾದದ್ದು ಡಾಕ್ಟರನ್ನು! ಗಾಡಿಯವ ಮಾವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ, "ಸಾಹೇಬ್ರ, ನಿಮಗೂ ಆಪರೇಷನ್ ಬೇಕೇನ್ರಿ?" ಎಂದನಂತೆ.

"ನನಗೂ ಬ್ಯಾಡ, ನಿನಗೂ ಬ್ಯಾಡೋ. ಮೂಕಿ ಬಿಟ್ಟು ಹಿಂದಕ ಹುಲ್ಲಿನ ಮ್ಯಾಲೆ ಕುಂದ್ರು, ಸಾಕು!"

ಅವನ ಸೊಂಟ ನೆಟ್ಟಗಾಯಿತು. ಮಾವನದು ಆಗಲು ತುಸು ತಡವಾಯಿತು.

ಆಮೇಲೆ ಸಿರುಗುಪ್ಪದ ಕಡೆಯ ರಾರಾವಿಯಿಂದ ಒಬ್ಬ ಹೆಣ್ಣುಮಗಳು ಬಂದಳು, ಜೊತೆಗೆ ಅವಳ ಗಂಡನ ತಾಯಿ. ಕ್ಷಯ ಅವಳ ಬೆನ್ನುಮೂಳೆ ತಿನ್ನುತ್ತಿತ್ತು. ಆಪರೇಷನ್ ಮಾಡಿ ಮೂಳೆ ಬೆಸೆಯದಿದ್ದರೆ ಕಾಲು ಸ್ವಾಧೀನ ತಪ್ಪುವುದು ಖಂಡಿತ. ಬೆಸೆದರೆ ಬೆನ್ನು ಬಾಗದು. ಮಾವ ತಮ್ಮ ಪ್ರಶ್ನೆ ಕೇಳಿದರು.

"ರೊಟ್ಟಿ ಮಾಡಬೇಕ್ರಿ," ಎಂದಳು. "ಒಲಿ ಮುಂದ ಬಗ್ಗಾಕ ಬರಲಿಲ್ಲಂದ್ರ ನಾ ಆ ಮನ್ಯಾಗ ಯಾಕ ಇರಬೇಕ್ರಿ? ಆಪರೇಷನ್ ಬ್ಯಾಡ್ರಿ."

ಬೇರೆಯವರಾಗಿದ್ದರೆ ಗದರಿ ಒಪ್ಪಿಸುತ್ತಿದ್ದರು. ಮಾವ ಏನು ಮಾಡಿದರು ಗೊತ್ತೆ? ತಮ್ಮ ಬೆನ್ನೂ ಬಾಗದಂತೆ ಕಂಕುಳಿಂದ ಸೊಂಟದವರೆಗೆ ತಮಗೇ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ನಮ್ಮ ಅಡುಗೆಮನೆಗೆ ನುಗ್ಗಿದರು! ನೆಲದ ಒಲೆಯ ಮುಂದೆ ಕೂತರೆ ಬಗ್ಗಲಾಗದು, ಬಗ್ಗದಿದ್ದರೆ ಹೆಂಚಿಗೆ ಕೈ ಎಟುಕದು. ರೊಟ್ಟಿ ಕರಕಲಾಯಿತು (ತಿಂದವನು ನಾನೇ!), ಮಾವ ಕುಂಬಳಕಾಯಿಯ ಹಾಗೆ ಮಗ್ಗುಲಿಗೆ ಉರುಳಿದರು. ಎಬ್ಬಿಸಲು ಪಕ್ಕದ ಮನೆಯವರು ಬರಬೇಕಾಯಿತು.

"ಬೆನ್ನು ನೋಡ್ರಿ ಅಂದ್ರ ನನ್ನ ಒಲಿ ಹಾಳ್ ಮಾಡಾಕ ಬಂದೀರೇನ್ರಿ?" ಎಂದು ಅವರ ಹೆಂಡತಿ, ನಮ್ಮತ್ತೆ, ರೇಗಿದರು.

"ಬೆನ್ನಿಂದೇನೂ ತಪ್ಪಿಲ್ಲ, ತಪ್ಪು ಒಲೀದು!" ಮಾವ ಉರುಳಿದಲ್ಲಿಂದಲೇ ಕೂಗಿದರು.

ಮರುದಿನ ಕೌಲ್ ಬಜಾರಿನಿಂದ ಗಾರೆ ಕೆಲಸದ ಗೌಂಡಿ ಬಂದ. ಸೊಂಟದೆತ್ತರದ ಕಟ್ಟೆ ಎದ್ದಿತು, ಅದರ ಮೇಲೆ ಒಲೆ. ಆಗೆಲ್ಲ ನಿಂತು ಅಡುಗೆ ಮಾಡುವುದೆಂದರೆ ಹೋಟೆಲಿನವರ ಕೆಲಸ! ಮಾವ ಪ್ಲಾಸ್ಟರಿನಲ್ಲೇ ನಿಂತು ರಾರಾವಿಯವರ ಎದುರು ರೊಟ್ಟಿ ಬಡಿದರು. ಅಂಚು ಹರಿದಿತ್ತು, ಆದರೆ ಉಬ್ಬಿತು!

ಮುದುಕಿ ಮೂಗಿನ ಮೇಲೆ ಬೆರಳಿಟ್ಟಳು. "ಗಂಡಸು, ಡಾಕ್ಟ್ರು, ಬಗ್ಗದಂಗ ಇವ್ರ ಮಾಡಿದ ಮ್ಯಾಲ ನಮ್ಮಾಕಿ ಮಾಡಾಂಗಿಲ್ಲೇನು? ಕೊಯ್ರಿ ಸಾಹೇಬ್ರ. ಕಟ್ಟಿ ನಾ ಕಟ್ಟಸ್ತೀನಿ!"

ಆಪರೇಷನ್ ಗೆದ್ದಿತು. ತಿಂಗಳುಗಟ್ಟಲೆ ಮಲಗಿದ್ದವಳು ಎದ್ದು, ನೆಟ್ಟಗೆ ನಡೆದು ಬಂದು, ನಮ್ಮ ಕಟ್ಟೆಯ ಮುಂದೆ ನಿಂತು ಪಟಪಟನೆ ರೊಟ್ಟಿ ಬಡಿದಳು. ಅವಳ ಬಳೆ ಸದ್ದಿಗೆ ಮಾವ ಕುಣಿಯುವುದೊಂದು ಬಾಕಿ! ಅವಳನ್ನು ಊರಿನ ಬಸ್ಸು ಹತ್ತಿಸಿ ಬಂದವರೇ, ಕೆಲಸ ಮುಗಿಯಿತೆಂದು, ಕಟ್ಟೆ ಕೆಡವಲು ಗೌಂಡಿಯನ್ನು ಕರೆಸಿದರು.

ಅತ್ತೆ ಅಡ್ಡ ನಿಂತರು. "ಇರ್ಲಿ ಬಿಡ್ರಿ. ಇದು ಬಂದಾಗಿಂದ ನನ್ನ ಬೆನ್ನು ನೋಯವಲ್ದು."

"ಮೊದ್ಲು ನೋಯ್ತಿತ್ತೇನು?"

"ಮದುವಿ ಆದಾಗಿಂದ."

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಮಾವನ ಕಣ್ಣು ತುಂಬಿತು. ಊರಿನ ಬೆನ್ನನ್ನೆಲ್ಲ ಕೇಳಿದವರು ಮೆಲ್ಲಗೆ ಕೇಳಿದರು: "ಈಗ ಕೇಳ್ತೀನಿ. ಈ ಬೆನ್ನಿಂದ ನಿನಗೇನ್ ಕೆಲ್ಸ ಆಗಬೇಕು?"

"ಯಾವ ಕೆಲ್ಸಾನೂ ಬ್ಯಾಡ್ರಿ. ಇವತ್ತೊಂದಿನ ನಾ ಕುಂತು ಬಿಸಿ ರೊಟ್ಟಿ ಉಣಬೇಕು."

ಮಾವ ಕೋಟು ಕಳಚಿಟ್ಟು ಕಟ್ಟೆಯ ಮುಂದೆ ನಿಂತರು. ಅಂದಿನ ರೊಟ್ಟಿಯೂ ಕರಕಲೇ. ಅತ್ತೆ ಒಂದು ಚೂರೂ ಬಿಡದೆ ಉಂಡರು.