ಛತ್ರಪ್ರತ್ಯರ್ಪಣ, ಅಥವಾ ಶ್ರೀಮತಿ ಜಗಳೂರು ಕೊಡೆ ಕೊಟ್ಟದ್ದು

ಸೂಟ್‌ಕೇಸಿಗೆ ನಾಲ್ಕು ಚಕ್ರಗಳು ಮೂಡಿ ಅದನ್ನು ಎಳೆಯುವ ಪ್ರತಿ ಮನುಷ್ಯನೂ ಚಕ್ರವರ್ತಿಯಾದ ಯುಗದಲ್ಲಿ, ಏಳು ಕಿಲೋ ಮೀರಿದ ಕೈಚೀಲವು ಮಹಾಪಾತಕವೆನಿಸಿದ ಕಾಲದಲ್ಲಿ, ಹುಬ್ಬಳ್ಳಿಯೆಂಬ ಧೂಳಿಧೂಸರಿತ ಮಹಾನಗರದ ಒಂದು ಎರಡನೆಯ ಮಹಡಿಯ ಮೇಲೆ, ಶಿವಗಣಾರಾಧನೆ ಮುಗಿದ ಮರುದಿನದ ಮಾಮೂಲಿ ಬೆಳಗು ಉದಯಿಸಿತು. ನೆಂಟರು ಹೋಗಿದ್ದರು. ಹಾಲಿನವನು ಎಂದಿನಂತೆ ಒಂದು ಲೀಟರ್ ಇಟ್ಟುಹೋಗಿದ್ದ. ಅರ್ಧ ಸಾಕಾಗಿತ್ತು.

ಆ ಮನೆಯ ವೀರನ ಹೆಸರು ಜೆ.ಬಿ. ಮೃತ್ಯುಂಜಯ. ಭರತಖಂಡದ ದಂತವೈದ್ಯರ ಕುರ್ಚಿಗಳನ್ನು ರಿಪೇರಿ ಮಾಡುತ್ತ ನೂರ ಹದಿನಾಲ್ಕು ಬಾರಿ ಗಗನಕ್ಕೇರಿ ಅಷ್ಟೇ ಬಾರಿ ಸುಖವಾಗಿ ಇಳಿದವನು. ಕಿಟಕಿಪೀಠಪ್ರಿಯ, ಉಚಿತೋಪಾಹಾರವಿಧ್ವಂಸಕ, ಹೋಟೆಲಿನ ಸಾಬೂನನ್ನೂ ಮನೆಗೆ ತಾರದ ಅಪರಿಗ್ರಹವ್ರತಿ. ಮೂವತ್ತಾರನೆಯ ವಯಸ್ಸಿನಲ್ಲಿ, ಆಕಾಶದಲ್ಲಿ ಅಲ್ಲ, ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತವನು ಏಳಲಿಲ್ಲ. ಹೆಸರಿಟ್ಟವರ ತಪ್ಪೇನಿಲ್ಲ. ಅವರು ಒಳ್ಳೆಯದನ್ನೇ ಬಯಸಿದ್ದರು.

ಅವನ ಹೆಂಡತಿ ದಾಕ್ಷಾಯಣಿ ಎಂ.ಎ. ಓದಿದವಳು, ವಾಕ್ಯಗಳ ವಿಷಯದಲ್ಲಿ ಜಾಗರೂಕಳು. ಒಂದು ವಾಕ್ಯವನ್ನು ಮಾತ್ರ ಅವಳು ಈ ತನಕ ಬಾಯಿಂದ ಆಡಿರಲಿಲ್ಲ. ಆಡುವ ಪ್ರಮೇಯ ಬಂದಿರಲಿಲ್ಲ; ಬಂದವರಿಗೆಲ್ಲ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಒಬ್ಬನು ಭೂಮಂಡಲದಲ್ಲಿ ಉಳಿದಿದ್ದ. ಅವನು ಏಳೂ ನಲವತ್ತಕ್ಕೆ ವೀರನ ಮೊಬೈಲಿಗೆ ಫೋನು ಮಾಡಿದ.

"ಜಗಳೂರು ಸಾಹೇಬ್ರಾ?"

"ಅವರಿಲ್ರೀ," ಎಂದಳು ದಾಕ್ಷಾಯಣಿ. ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ. ಆ ಕಡೆಯವನು ಚಿಕ್ಕದನ್ನು ಆರಿಸಿಕೊಂಡ.

"ಹೊರಗ್ ಹೋಗಿದಾರಾ? ಹಂಗಾದ್ರೆ ಕೊಡೆ ತಾಯಿ... ಕೊಡೆ..."

"ಯಾರ್ರೀ ನೀವು? ಏನ್ ಕೊಡೇ? ಗುರ್ತಿಲ್ಲ, ಪರಿಚಯಿಲ್ಲ, ಸೀದಾ ಏಕವಚನಕ್ಕ ಇಳಿದ್ರಲ್ಲ!"

"ಅಯ್ಯಯ್ಯೋ, ನಿಮ್ಮನ್ನ ಕೊಡೇ ಅಂದಿಲ್ಲ ತಾಯಿ. ಕೊಡೆ ಕೊಡಿ ಅಂದೆ!"

"ಕೊಡಿ ಅಂದ್ರಲ್ಲ, ಈಗ ಛಲೋ ಆತು. ಏನ್ ಕೊಡಬೇಕ್ರೀ?"

"ಕೊಡೆ!"

"ಮತ್ತ ಅದನ್ನಽ ಅಂತೀರಲ್ಲ!"

"ಛತ್ರಿ ತಾಯಿ, ಛತ್ರಿ! ಮಳೇಗ್ ಹಿಡಿಯೋದು!"

ಹೀಗೆ ತುಂಗಭದ್ರೆಯ ಆಚೆಗೂ ಈಚೆಗೂ ಒಂದೇ ವಸ್ತುವಿಗೆ ಎರಡು ಹೆಸರಿಟ್ಟ ಪೂರ್ವಿಕರ ಪ್ರಮಾದದಿಂದ ಹುಟ್ಟಿದ ಮೊದಲ ಕದನವು ಶಮನವಾಗಿ, ಫೋನು ಮಾಡಿದವನು ಮೈಸೂರಿನ ರತ್ನಪೀಠ ಹೋಟೆಲಿನ ದ್ವಾರಪಾಲಕ ಪುಟ್ಟಮಾದಯ್ಯನೆಂದು ತಿಳಿಯಿತು. ಕಳೆದ ತಿಂಗಳು ಮಳೆ ಬರುವಾಗ ಸಾಹೇಬರಿಗೆ ಅವನು ತನ್ನ ಬಾಗಿಲಿನ ಕೊಡೆಯನ್ನು ಕೊಟ್ಟಿದ್ದ. ಸಾಹೇಬರು ಅದನ್ನು ಹಿಡಿದು ದಂತವೈದ್ಯರ ಬಳಿಗೂ, ಅಲ್ಲಿಂದ ಹಾಗೆಯೇ ಊರಿಗೂ ಹೋಗಿಬಿಟ್ಟಿದ್ದರು. ಮುಂದಿನ ಸಲ ತರ್ತೀನಿ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದರು. ಪೇಟ, ಶಲ್ಯ, ಕೊಡೆ ಮೂರೂ ಇದ್ದವನೇ ಬಾಗಿಲಿಗೆ ನಿಲ್ಲತಕ್ಕದ್ದೆಂಬುದು ಹೋಟೆಲಿನ ರಾಜಶಾಸನ. ಕೊಡೆಯಿಲ್ಲದ ಪುಟ್ಟಮಾದಯ್ಯನನ್ನು ಪೇಟ ಕಳಚಿ ನೆಲಮಾಳಿಗೆಯ ಕಾರ್ ಪಾರ್ಕಿಂಗಿಗೆ ಅಟ್ಟಿದ್ದರು. ನಾಳೆ ಬೆಳಗ್ಗೆ ಬಾಗಿಲಿಗೆ ಹೊಸಬನೊಬ್ಬ ಬರಲಿದ್ದ.

"ಹತ್ತೊಂಬತ್ ವರ್ಷ ಬಾಗ್ಲಲ್ಲಿ ನಿಂತೋನು ತಾಯಿ. ಈಗ ಹೊಗೇಲಿ ನಿಂತು ಪೀಪಿ ಊದ್ತಿದೀನಿ. ಸಾಹೇಬ್ರು ಬಂದ್ಮೇಲೆ ಒಂದ್ ಮಾತ್ ಹೇಳಿ."

ಅವರು ಬರುವುದಿಲ್ಲ ಎಂದು ಹೇಳಬೇಕಾಗಿತ್ತು. "ಹೂಂ ರೀ," ಎಂದಳು.

ಬಾಗಿಲ ಹಿಂದೆ ಕೊಡೆ ನಿಂತಿತ್ತು. ಮೂರೂವರೆ ಅಡಿ ಉದ್ದ, ಮರದ ಹಿಡಿ, ಉಕ್ಕಿನ ತುದಿ. ಬಿಚ್ಚಿದರೆ ಒಂದು ಸಣ್ಣ ಸಂಸಾರಕ್ಕೆ ನೆರಳಾಗುವಷ್ಟು ಕಪ್ಪು ಬಟ್ಟೆ. ಅಂಚೆಯಲ್ಲಿ ಹಾಕಿದರೆ ಮೂರು ದಿನ. ರೈಲಿನಲ್ಲಿ ಹೋದರೆ ನಾಳೆ ಬೆಳಗು. ದಾಕ್ಷಾಯಣಿಯು ಗಂಡನ ಮೊಬೈಲಿನಲ್ಲಿ, ಗಂಡನ ಖಾತೆಯಲ್ಲಿ, ನೂರ ಹದಿನಾಲ್ಕು ಹಾರಾಟಗಳಿಂದ ಸಂಚಿತವಾಗಿದ್ದ ಅವನ ಪುಣ್ಯದ ಪಾಯಿಂಟುಗಳನ್ನು ವ್ಯಯಿಸಿ ಬೆಂಗಳೂರಿಗೆ ವಿಮಾನದ ಟಿಕೆಟನ್ನೂ, ಅಲ್ಲಿಂದ ಮೈಸೂರಿಗೆ ಒಂದು ಬಾಡಿಗೆ ಕಾರನ್ನೂ ಸಂಪಾದಿಸಿದಳು.

ಕೆಳಮನೆಯ ನೀಲವ್ವ ಮೆಟ್ಟಿಲಲ್ಲೇ ಅಡ್ಡಗಟ್ಟಿದಳು. ಮೂರು ಗಂಡುಮಕ್ಕಳನ್ನೂ ಒಬ್ಬ ನಿವೃತ್ತ ಹೆಡ್‌ಮಾಸ್ತರನನ್ನೂ ಏಕಹಸ್ತದಿಂದ ಆಳಿದ ಆ ಮಹಾರಥಿಯ ಕೈಯಲ್ಲಿ ಲಟ್ಟಣಿಗೆಯಿತ್ತು.

"ಎಲ್ಲಿಗವಾ, ಛತ್ರಿ ಹಿಡಕೊಂಡು? ಬಿಸಲು ನೋಡು ಹೆಂಗ ಕಾದೈತಿ."

"ಮೈಸೂರಿಗ್ರೀ, ವೈನಿ. ಹೋಟೆಲಿನ ಬಾಗಲಾ ಕಾಯೋರು ಫೋನ್ ಮಾಡಿ ಕೇಳಿದ್ರು, ಅವರ ಛತ್ರಿ ಕೊಟ್ಟು ಬರ್ತೇನಿ."

"ಛತ್ರಿ ಕೊಡಾಕ ವಿಮಾನಾ? ನಮ್ಮ ಮಾಸ್ತರ ಮಂದೀದು ಎಷ್ಟ್ ಛತ್ರಿ ತಂದಾನ, ಒಂದರ ಕೊಟ್ಟಾನೇನು? ನಾನೂ ಬರ್ತೇನಿ ನಡಿ. ಆ ಮೈಸೂರಾಂವನ್ನ ನಾಕ್ ಮಾತಿನಾಗ ನೆಲಾ ಕಚ್ಚಿಸ್ತೇನಿ. ಸತ್ತ ಮನೀಗೆ ಫೋನ್ ಮಾಡಿ ಛತ್ರಿ ಕೇಳ್ತಾನ?"

"ಅವರಿಗೆ ಗೊತ್ತಿಲ್ರೀ."

ನೀಲವ್ವ ಲಟ್ಟಣಿಗೆ ಇಳಿಸಿ ದಾರಿ ಬಿಟ್ಟಳು. ಎರಡು ಚಪಾತಿ ಕಟ್ಟಿಕೊಟ್ಟಳು.

ದಾಕ್ಷಾಯಣಿಯ ಚೀಲದಲ್ಲಿ ವೀರನ ಡೈರಿಯಿತ್ತು. ಅದರ ಹಿಂದಿನ ಪುಟಗಳಲ್ಲಿ ಅವನು ಪ್ರಯಾಣಸೂತ್ರಗಳನ್ನು ಬರೆದಿಟ್ಟಿದ್ದ. ಹೋಟೆಲಿನಲ್ಲಿ ಲಿಫ್ಟಿನ ಪಕ್ಕದ ರೂಮು ಬೇಡ. ಬಾಡಿಗೆ ಕಾರಿಗೆ ಮೊದಲು ವಿಡಿಯೋ, ಆಮೇಲೆ ಕೀಲಿ. ಕೌಂಟರಿನಲ್ಲಿ ಜಗಳ ಆಡಕೂಡದು. ಅಂಗಿಯ ಮೇಲಿನ ಹೆಸರು ಓದಿ, ಹೆಸರು ಹಿಡಿದು ಕರೆ, ಅರ್ಧ ಕೆಲಸ ಆಯಿತು.

ವಿಮಾನನಿಲ್ದಾಣದ ಕೌಂಟರಿನಲ್ಲಿ ಕುಳಿತಿದ್ದವಳು ನೀಲಾಂಬರಧಾರಿಣಿ, ಅಚಲಕೇಶಬಂಧಿನಿ, ಸ್ಮಿತಮಾತ್ರಾಯುಧೆ. ದಾಕ್ಷಾಯಣಿ ಸೂತ್ರವನ್ನು ಸ್ಮರಿಸಿ, ಎದೆಯ ಮೇಲಿನ ಫಲಕವನ್ನು ಓದಿದಳು.

"ನಮಸ್ಕಾರ, ಟ್ರೇನಿಯವರ."

"ಅದು ನನ್ನ ಹೆಸರಲ್ರೀ ಮೇಡಂ. ನಾನು ಹೊಸದಾಗಿ ಸೇರೇನಿ ಅಂತ ಅರ್ಥ."

ಮೊದಲ ಬಾಣ ಹೀಗೆ ವ್ಯರ್ಥವಾಯಿತು. ಹುಡುಗಿ ಗುರುತಿನ ಚೀಟಿಯನ್ನೂ ಟಿಕೆಟನ್ನೂ ಪಕ್ಕಪಕ್ಕ ಹಿಡಿದಳು. ಇಲ್ಲಿ ಪೂರ್ವಕಥೆಯೊಂದನ್ನು ಹೇಳಬೇಕು. ನಮ್ಮ ನಾಡಿನ ಮನುಷ್ಯನ ಹೆಸರಿನ ಮುಂದೆ ಊರೂ ಅಪ್ಪನೂ ಒಂದೊಂದು ಅಕ್ಷರವಾಗಿ ನಿಂತಿರುತ್ತಾರೆ. ಮನೆತನದ ಹೆಸರೆಂಬುದು ಎಷ್ಟೋ ಜನಕ್ಕೆ ಇರುವುದೇ ಇಲ್ಲ. ವಿಮಾನದವರಿಗೆ ಅದೇ ಬೇಕು. ಹತ್ತು ವರ್ಷದ ಹಿಂದೆ ಜೆ.ಬಿ. ಮೃತ್ಯುಂಜಯ ಅವಸರದಲ್ಲಿ ಜೆ. ಎಂಬುದನ್ನು ಬಿಡಿಸಿ ಬರೆದ. ಅಂದಿನಿಂದ ಆಕಾಶದಲ್ಲೂ ಹೋಟೆಲುಗಳಲ್ಲೂ ಅವನು ಮಿಸ್ಟರ್ ಜಗಳೂರು. ಈಗ ಅದೇ ಖಾತೆಯು, ಯಾರನ್ನೂ ಕೇಳದೆ, ದಾಕ್ಷಾಯಣಿಯನ್ನು ಶ್ರೀಮತಿ ಜಗಳೂರು ಮಾಡಿತ್ತು.

"ಕಾರ್ಡಿನ್ಯಾಗ ದಾಕ್ಷಾಯಣಿ ಎಂ. ಅಂತ ಐತಿ. ಇದರಾಗ ಜಗಳೂರು ಎಲ್ಲೈತ್ರೀ?"

"ದಾವಣಗೆರಿ ಜಿಲ್ಲಾದಾಗ ಐತ್ರೀ."

"ಊರು ಕೇಳಿಲ್ರೀ ಮೇಡಂ. ಹೆಸರಿನ್ಯಾಗ ಎಲ್ಲೈತಿ?"

"ನಮ್ಮನಿಯವರ ಹೆಸರಿನ್ಯಾಗ ಐತ್ರೀ. ಮೊದಲನೇ ಅಕ್ಷರ."

"ಅವರಽ ಬಂದು ಹೇಳಿದ್ರ ಸರಿಮಾಡ್ತೇನಿ. ಖಾತೆ ಅವರದಲ್ರೀ? ಫೋನ್ ಹಚ್ಚಿ ಕೊಡ್ರಿ."

ಆಗ ದಾಕ್ಷಾಯಣಿಯ ಅಂತರಂಗದಲ್ಲಿ ಒಂದು ಮಹಾವಾಕ್ಯವು ಪ್ರಳಯಕಾಲದ ಮೇಘದಂತೆ ಕವಿಯಿತು: "ಎಲೌ ಸ್ಮಿತಾಯುಧೆ, ಕೇಳು! ನೀನು ಯಾರನ್ನು ಕರೆ ಎನ್ನುತ್ತಿರುವೆಯೋ ಅವನು ಟಿಕೆಟಿಲ್ಲದೆ, ತೂಕವಿಲ್ಲದೆ, ಕಿಟಕಿಯೋ ಮಧ್ಯದ್ದೋ ಎಂಬ ವಿಚಾರವಿಲ್ಲದೆ ನೂರ ಹದಿನೈದನೆಯ ಪ್ರಯಾಣಕ್ಕೆ ಹೊರಟುಹೋದನು; ಅವನನ್ನು ಕರೆಯಬಲ್ಲ ಫೋನು ಈ ಯುಗದಲ್ಲಿ ಹುಟ್ಟಿಲ್ಲ!" ಎಂದು ಗರ್ಜಿಸಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆ.

"ಅವರ ಫೋನು ನನ್ನ ಕಡೆನಽ ಐತ್ರೀ."

ಹುಡುಗಿ ಅವಳ ಮುಖ ನೋಡಿದಳು, ಕೊಡೆ ನೋಡಿದಳು, ಏನೋ ಊಹಿಸಿದಳು. ಏನೆಂದು ಊಹಿಸಿದಳೋ, ಬಹುಶಃ ಜಗಳೂರಿನವರ ಮನೆಯಲ್ಲಿ ಜಗಳವೆಂದು. ದೊಡ್ಡವರನ್ನು ಕರೆದು, ಪಿಸುಗುಟ್ಟಿ, ಹೆಸರು ತಿದ್ದಿಸಿದಳು. ಕೊಡೆಯ ಮೊನೆ ಚೂಪಾದ್ದರಿಂದ ಅದು ಕೈಯಲ್ಲಿ ಹೋಗಕೂಡದೆಂದು ಬೆಲ್ಟಿನ ಮೇಲೆ ಮಲಗಿಸಿ, ಮದ್ಯದ ಲೋಟದ ಚಿತ್ರವಿರುವ ಕೆಂಪು ಚೀಟಿ ಅಂಟಿಸಿದಳು.

"ಇದ್ಯಾಕ್ರೀ?"

"ಒಡೆಯೋ ಸಾಮಾನು ಅಂತ್ರೀ. ಜ್ವಾಕಿ ಮಾಡ್ತಾರ."

ಸಾತ್ವಿಕವಾದ ಆ ಕೊಡೆಯು ಮದ್ಯಲಾಂಛನಧಾರಿಯಾಗಿ ರಬ್ಬರಿನ ಪರದೆಯೊಳಗೆ ಅಂತರ್ಧಾನವಾಯಿತು. ಬೆಂಗಳೂರಿನಲ್ಲಿ ಚಕ್ರವರ್ತಿಗಳ ಚಕ್ರಸಹಿತ ಪೆಟ್ಟಿಗೆಗಳ ನಡುವೆ ಒಂಟಿಯಾಗಿ ಸುತ್ತುತ್ತ ಬಂದು ಅವಳ ಕೈ ಸೇರಿತು.

ಬಾಡಿಗೆ ಕಾರು ಬಿಳಿಯದು, ಬಹುಸಮರಕ್ಷತಾಂಗವಾದದ್ದು. ದಾಕ್ಷಾಯಣಿ ಸೂತ್ರದಂತೆ ಮೊಬೈಲು ಹಿಡಿದು ಪ್ರದಕ್ಷಿಣೆ ಹೊರಟಳು. "ಎಡಗಡೆ ಬಾಗಿಲು, ಎರಡು ಗೀರು. ಹಿಂದಿನ ಬಂಪರು, ಒಂದು ತಗ್ಗು. ಡೀಸೆಲ್ಲು, ಮುಳ್ಳು ಅರ್ಧದ ಮೇಲೆ." ಹತ್ತು ನಿಮಿಷವಾಯಿತು. ಕಾರಿನ ಕೆಳಗೂ ಬಗ್ಗಿದಳು. ಕೀಲಿ ಹಿಡಿದು ನಿಂತಿದ್ದ ಏಜೆನ್ಸಿಯವನ ತಾಳ್ಮೆಯ ಕಟ್ಟೆಯೊಡೆಯಿತು.

"ಮೇಡಂ, ಕಾರು ತಗೊಂಡ್ ಹೋಗ್ತೀರೋ, ಇಲ್ಲಾ ಹೆಣ್ಣು ನೋಡೋಕೆ ಬಂದಿದೀರೋ?"

"ನಡೀತೈತೇನು?"

"ಹೆಣ್ಣಾ?"

"ಕಾರ್ರೀ."

"ಓ, ಅದು ಓಡುತ್ತೆ ಮೇಡಂ. ನೋಡೋಕೆ ಹಂಗಿದೆ ಅಷ್ಟೆ."

ಕೊಡೆ ಹಿಂದಿನ ಸೀಟಿನಲ್ಲಿ ನಿಲ್ಲದೆ ಉರುಳಿ ಬಿತ್ತು. ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ ಅದರ ಮೇಲೆ ಮಲಗಿಸಿದಳು. ಸ್ವಲ್ಪ ಯೋಚಿಸಿ ಬೆಲ್ಟೂ ಹಾಕಿದಳು. ರಾಮನಗರದ ಹತ್ತಿರ ಒಂದು ತಿರುವಿನಲ್ಲಿ ಅದು ಜಾರಿ ಅವಳ ಭುಜಕ್ಕೆ ತಾಗಿತು. ಅವಳು ಅದನ್ನು ಸರಿಸಲಿಲ್ಲ. ಒಂದು ಚಪಾತಿ ತಿಂದಳು.

ಆ ದಾರಿಯುದ್ದಕ್ಕೂ ಅವಳು ವಾಕ್ಯ ಕಟ್ಟಿದಳು. ಮದ್ದೂರಿನಲ್ಲಿ ಅದಕ್ಕೆ ನಾಲ್ಕು ವಿಶೇಷಣಗಳಿದ್ದವು, ಮಂಡ್ಯದಲ್ಲಿ ಒಂದು ಉಪಮೆ ಕೂಡಿಕೊಂಡಿತು, ಶ್ರೀರಂಗಪಟ್ಟಣ ದಾಟುವಾಗ ಕ್ರಿಯಾಪದವೊಂದು ಬಿಟ್ಟು ಉಳಿದುದೆಲ್ಲ ಸಿದ್ಧವಾಗಿತ್ತು.

ನಾಲ್ಕೂವರೆಗೆ ಕಾರನ್ನು ಹೊರಗೆ ನಿಲ್ಲಿಸಿ, ಕೊಡೆ ಹಿಡಿದು ರತ್ನಪೀಠದ ನೆಲಮಾಳಿಗೆಗೆ ಇಳಿದಳು. ಹೊಗೆ, ಟ್ಯೂಬ್‌ಲೈಟು, ಕಂಬಗಳು. ಎರಡು ಕಂಬಗಳ ಮಧ್ಯೆ, ಹಿಂದಕ್ಕೆ ಬರುತ್ತಿದ್ದ ಒಂದು ಕಾರಿಗೆ ಕೈಯಾಡಿಸುತ್ತ, ಪೇಟವಿಲ್ಲದೆ ತಲೆ ಚಿಕ್ಕದಾಗಿ ಕಾಣುವ, ಆದರೆ ಬಾಗಿಲಿಗೆ ತಕ್ಕ ಮೀಸೆಯನ್ನು ಹಾಗೇ ಉಳಿಸಿಕೊಂಡಿದ್ದ ಒಬ್ಬನು ಬಾಯಲ್ಲಿ ಪೀಪಿ ಕಚ್ಚಿಕೊಂಡು ನಿಂತಿದ್ದ. ಕೊಡೆ ಕಂಡದ್ದೇ ಅವನ ಕೈ ಗಾಳಿಯಲ್ಲೇ ನಿಂತಿತು.

"ಪುಟ್ಟಮಾದಯ್ಯ ಅಂದ್ರ ನೀವೇನ್ರೀ?"

"ಓ! ಏಕವಚನದ ತಾಯಿ!" ಪೀಪಿ ತೆಗೆದು ನಕ್ಕ. "ಅಷ್ಟ್ ದೂರದಿಂದ ನೀವೇ ತಂದ್ರಾ? ಸಾಹೇಬ್ರು ಬರ್ಲಿಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯುತ್ತ ಪೀಪಿಯನ್ನು ಮತ್ತೆ ಕಚ್ಚಿಕೊಂಡ.

ಎಲೌ ವಾಗ್ದೇವತೆಯೇ, ನಾಲ್ಕು ವಿಶೇಷಣಗಳೆಲ್ಲಿ, ಉಪಮೆಯೆಲ್ಲಿ? ನೂರ ಐವತ್ತಕ್ಕೂ ಮಿಕ್ಕಿದ ಕಿಲೋಮೀಟರುಗಳಲ್ಲಿ ನಿರ್ಮಿತವಾದ ಆ ಮಹಾಪ್ರಾಸಾದವು ಇಳಿಜಾರಿನಲ್ಲೇ ಎಲ್ಲೋ ಕುಸಿದು, ಕೊನೆಗೆ ಸಿಕ್ಕಿದ ಕ್ರಿಯಾಪದವೊಂದೇ ಉಳಿದಿತ್ತು.

"ತೀರಿಕೊಂಡ್ರು."

ಪುಟ್ಟಮಾದಯ್ಯ ಉಸಿರು ಬಿಟ್ಟ. ಪೀಪಿ ಬಾಯಲ್ಲೇ ಇತ್ತು. ಸಮರಾಂಗಣದ ಯಾವ ಶಂಖವೂ ಎಂದೂ ಮಾಡಿರದಂಥ, ಗಾಳಿ ಹೋದ ಬಲೂನಿನಂಥ ಒಂದು ಸಣ್ಣ "ಪೀ" ಹೊರಟಿತು. ಹಿಂದಕ್ಕೆ ಬರುತ್ತಿದ್ದ ಕಾರು ಗಕ್ಕನೆ ನಿಂತಿತು.

"ಯಾವಾಗ ತಾಯಿ?"

"ಹನ್ನೆರಡು ದಿನಾತು."

"ನಾನೊಬ್ಬ... ಫೋನ್ ಮಾಡಿ, ಕೊಡೆ ಕೊಡೆ ಅಂತ..."

"ಮಾಡಿದ್ದು ಛಲೋ ಆತ್ರೀ," ಎಂದಳು ದಾಕ್ಷಾಯಣಿ. ಕೊಡೆಯನ್ನು ಎರಡೂ ಕೈಯಿಂದ ಮುಂದೆ ಚಾಚಿದಳು. "ತಗೋರಿ."

ಅವನು ಎರಡೂ ಕೈಯಿಂದ ತೆಗೆದುಕೊಂಡ. ಏನು ಮಾಡಬೇಕೆಂದು ತೋಚದೆ, ಹತ್ತೊಂಬತ್ತು ವರ್ಷದ ಅಭ್ಯಾಸಬಲದಿಂದ, ಮಳೆಯೂ ಆಕಾಶವೂ ಇಲ್ಲದ ಆ ನೆಲಮಾಳಿಗೆಯಲ್ಲಿ ಅದನ್ನು ಪಟ್ಟನೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದ. ಇಬ್ಬರೂ ಅದರಡಿ ನಿಂತರು.

"ಸರಿಯಾಗಿದೆ ತಾಯಿ. ನಾಳೆ ಬಾಗ್ಲಿಗೆ ನಿಂತ್ಕೋತೀನಿ."

ಕಾರಿನ ಗಾಜು ಇಳಿಯಿತು. "ಏನ್ರೀ, ಹಿಂದಕ್ಕೋ ಮುಂದಕ್ಕೋ? ಒಂದ್ ಹೇಳ್ರೀ!"

ಪುಟ್ಟಮಾದಯ್ಯ ಕೊಡೆ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡ.

"ತಾಯಿ, ಒಂಚೂರು ಈ ಕಡೆ ಬನ್ನಿ. ನೀವು ನಿಂತಿರೋದು ಪಾರ್ಕಿಂಗು."

ದಾಕ್ಷಾಯಣಿ ಸರಿದು ನಿಂತಳು. ಕಾರು ಹಿಂದಕ್ಕೆ ಬಂತು.