ಏಳದೆ ಕೂತ ಟೆಲಿಫೋನಮ್ಮ

ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಮನೆಯೆದುರಿನ ಬಸ್ ನಿಲ್ದಾಣವೇ ಇಲ್ಲ. ಕಂಬ, ಬೋರ್ಡು, ಬೆಂಚು ಎಲ್ಲವೂ ದಿಬ್ಬದ ಮೇಲಿನ ನೀರಿನ ಟ್ಯಾಂಕಿನ ಪಕ್ಕಕ್ಕೆ ಹೋಗಿವೆ ಎಂದು ಹಾಲಿನವನು ಹೇಳಿದ. ಟೆಲಿಫೋನಮ್ಮನ ಮಂಡಿಗೆ ಆ ದಿಬ್ಬ ಹತ್ತುವುದೆಂದರೆ ಆಕಾಶಕ್ಕೆ ಏಣಿ ಹಾಕಿದಂತೆ.

ಟೆಲಿಫೋನ್ ಕಚೇರಿಯಲ್ಲಿ ಊರವರ ಮಾತಿಗೆ ಮಾತು ಜೋಡಿಸಿ ನಿವೃತ್ತರಾದವರು ಅವರು. ಕೆಲಸದಲ್ಲಿದ್ದಷ್ಟು ಕಾಲ ಎಲ್ಲರದ್ದನ್ನೂ ಕೇಳಿಸಿಕೊಂಡು ತೆಪ್ಪಗಿದ್ದರು. ಆಮೇಲೆ ಕೂಡಿಟ್ಟಿದ್ದ ಮಾತೆಲ್ಲ ಕಟ್ಟೆಯೊಡೆಯಿತು. ವಾಚನಾಲಯ ಉಳಿಸುವ ಸಭೆ, ನೀರಿನ ಸಭೆ, ಪಿಂಚಣಿದಾರರ ಸಭೆ, ಎಲ್ಲಿದ್ದರೂ ಬಸ್ಸು ಹತ್ತಿ ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಈ ವಯಸ್ಸಿನಲ್ಲಿ ರಾಜಕೀಯ ಯಾಕಮ್ಮ ಎಂದು ಮಗಳು ರೇಗುತ್ತಿದ್ದಳು. ತಾನು ಹುಡುಗಿಯಾಗಿದ್ದಾಗ ಜನ ನಿನಗೇನು ತಿಳಿಯುತ್ತೆ ಎಂದಿದ್ದರು, ನಡುವಯಸ್ಸಿನಲ್ಲಿ ಮನೆಗೆಲಸ ಇಲ್ಲವೇ ಎಂದಿದ್ದರು, ಈಗ ಮುದುಕಿ ಎನ್ನುತ್ತಾರೆ. ಹಾಗಾದರೆ ಸರಿಯಾದ ವಯಸ್ಸು ಯಾವಾಗ ಬಂದಿತ್ತು, ತಾನು ಮಲಗಿದ್ದಾಗ ಬಂದು ಹೋಗಿಬಿಟ್ಟಿತೇ ಎಂದು ಅವರಿಗೆ ಅನುಮಾನ.

ವಾರ್ಡಿನ ಸದಸ್ಯನನ್ನು ಕೇಳಿಯೇ ಬಿಡುತ್ತೇನೆಂದು ಹೊರಟರು. ಬಹುಕಾಲ ಗಡಿಯಾರ ರಿಪೇರಿ ಮಾಡಿ ದಣಿದು ಈಗ ಮನೆಯಲ್ಲೇ ಕೂತಿದ್ದ ಯಜಮಾನರು ಪೇಪರಿನ ಹಿಂದಿನಿಂದ, ಬಿಸಿಲಿದೆ, ಬೇಡ ಎಂದರು. ಅವರ ಪೇಪರು ತಲೆಕೆಳಗಾಗಿತ್ತು.

ಸದಸ್ಯನ ಕಚೇರಿ ಸಿಮೆಂಟಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಒಬ್ಬರು ಹತ್ತುವಾಗ ಇಳಿಯುವವರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಅರ್ಧ ಹತ್ತುವಷ್ಟರಲ್ಲಿ ಮಂಡಿ ತುಕ್ಕು ಹಿಡಿದ ಬೀಗದಂತೆ ಕಚ್ಚಿಕೊಂಡಿತು. ಟೆಲಿಫೋನಮ್ಮ ಅಲ್ಲೇ ಕುಸಿದು ಕೂತರು.

ಮೇಲಿನಿಂದ ಇಳಿದ ಗುಮಾಸ್ತ, ಎದ್ದು ದಾರಿ ಬಿಡಿ ಎಂದ.

"ಏಳಕ್ಕಾಗಲ್ಲಪ್ಪ," ಎಂದರು ಅವರು.

ಅವನ ಕಿವಿಗೆ ಬಿದ್ದದ್ದು "ಏಳಲ್ಲ" ಅಷ್ಟೇ. ಬಂದ ಹಾಗೇ ಮೇಲೋಡಿ, ಅಜ್ಜಿಯೊಬ್ಬರು ಧರಣಿ ಕೂತಿದ್ದಾರೆ ಎಂದು ಸುದ್ದಿ ಮುಟ್ಟಿಸಿದ.

ಎದುರಿನ ಕ್ಷೌರಿಕ ಕತ್ತರಿ ಹಿಡಿದೇ ಬಂದ. ಅವನ ಹಿಂದೆ ಒಂದು ಕೆನ್ನೆ ಮಾತ್ರ ಬೋಳಿಸಿಕೊಂಡಿದ್ದ ಗಿರಾಕಿ. ಇಡೀ ಬೀದಿಯ ವರದಿಯನ್ನು ಮೇಲಿನಿಂದಲೇ ಕೊಡುತ್ತಿದ್ದ ಪಕ್ಕದ ಮನೆಯ ಬಾಲ್ಕನಿ ಅಕ್ಕ ಅಂದು ನೆಲಕ್ಕಿಳಿದಳು. ಜನ ಸೇರಿದರು, ನಿಲ್ದಾಣ ವಾಪಸು ಕೊಡಿ ಎಂದು ಘೋಷಣೆ ಶುರುವಾಯಿತು. ಎಬ್ಬಿಸಪ್ಪ ಎಂದು ಟೆಲಿಫೋನಮ್ಮ ಕ್ಷೌರಿಕನತ್ತ ಕೈ ಚಾಚಿದರು.

"ಸುಮ್ನಿರಿ ಅಮ್ಮ," ಎಂದು ಅವನು ಕಿವಿಯಲ್ಲಿ ಹೇಳಿದ. "ನೀವು ಎದ್ರೆ ಹೋರಾಟ ಬಿದ್ದುಹೋಗುತ್ತೆ."

ಊಟದ ಹೊತ್ತಿಗೆ ಮಂಡಿ ತಾನಾಗಿಯೇ ಟಕ್ಕೆಂದು ಸಡಿಲವಾಯಿತು. ಏಳಬಹುದಿತ್ತು. ಆದರೆ ಕೆಳಗೆ ನೋಡಿದರೆ ಅಷ್ಟೂ ಮುಖಗಳು ತಮ್ಮ ಬಾಯನ್ನೇ ನೋಡುತ್ತಿದ್ದವು. ಜೀವಮಾನವಿಡೀ ಬೇರೆಯವರಿಗೆ ಲೈನು ಕೊಟ್ಟಿದ್ದಾಯಿತು. ಮೊದಲ ಸಲ ತಮಗೇ ಲೈನು ಸಿಕ್ಕಿದೆ. ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಗಟ್ಟಿಯಾಗಿ ಕೂತರು. ನಿಲ್ದಾಣ ವಾಪಸು ಬರುವ ತನಕ ಏಳುವುದಿಲ್ಲ ಎಂದು ಈ ಸಲ ತಾವೇ ಹೇಳಿದರು.

ಛತ್ರಿ ಊರಿಕೊಂಡು ಯಜಮಾನರು ಬಂದರು. ಮನೆಗೆ ನಡಿ ಎಂದು ಕರೆದು ನೋಡಿದರು, ಆಗಲಿಲ್ಲ. ಒಂದು ಮೆಟ್ಟಿಲು ಕೆಳಗೆ ತಾವೂ ಕೂತರು. ಜನ ಅವರಿಗೂ ಚಪ್ಪಾಳೆ ಹೊಡೆದರು.

ಮೇಲೆ ಸದಸ್ಯನ ಹೊಟ್ಟೆ ತಾಳ ಹಾಕುತ್ತಿತ್ತು. ಇಳಿಯಲು ಇದ್ದದ್ದು ಆ ಮೆಟ್ಟಿಲ ದಾರಿಯೊಂದೇ. ಕಡೆಗೆ ಬಗ್ಗಿ ನೋಡಿ ಕೈ ಮುಗಿದ.

"ನನ್ನ ತಪ್ಪೇನಿದೆ ಅಮ್ಮ? ನಿಲ್ದಾಣ ತೆಗೆಸಿ ಅಂತ ಬೇಡ್ಕೊಂಡವರು ನಿಮ್ಮ ಯಜಮಾನ್ರೇ."

ಘೋಷಣೆ ನಿಂತುಹೋಯಿತು. ಯಜಮಾನರು ಛತ್ರಿಯ ತುದಿಯನ್ನು ಈಗಷ್ಟೇ ಕಂಡವರಂತೆ ನೋಡತೊಡಗಿದರು.

"ಯಾಕ್ರೀ?" ಎಂದರು ಟೆಲಿಫೋನಮ್ಮ.

"ದಿನಾ ಆ ಬಸ್ಸು ನಿನ್ನನ್ನ ಕರ್ಕೊಂಡು ಹೋಗಿಬಿಡುತ್ತೆ. ನಾನು ಗೋಡೆ ಗಡಿಯಾರದ ಜೊತೆ ಎಷ್ಟು ಅಂತ ಮಾತಾಡ್ಲಿ?"

ಅರ್ಧ ಗಡ್ಡದ ಗಿರಾಕಿ ಕೊರಳಿನ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡ. ಟೆಲಿಫೋನಮ್ಮನಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು ಹೇಳಲಾಗದ ಒಂದು ಮಾತಿಗೆ ಈ ಮನುಷ್ಯನಿಗೆ ಊರೇ ಸೇರಬೇಕಾಯಿತಲ್ಲ. ಕೇಳಿದ್ದರೆ ನಾನೇ ಕೈಹಿಡಿದು ಬಸ್ಸು ಹತ್ತಿಸುತ್ತಿದ್ದೆ ಎಂದು ಮೆಲ್ಲಗೆ ಹೇಳಿದರು. ಆದರೆ ಎದ್ದವರಲ್ಲ.

ಸಂಜೆಯೊಳಗೆ ನಿಲ್ದಾಣ ಹಳೆಯ ಜಾಗಕ್ಕೆ ಬರುತ್ತದೆ ಎಂದು ಸದಸ್ಯ ಎಲ್ಲರೆದುರು ಮಾತು ಕೊಟ್ಟ. ಆಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹಿಡಿದು ಎದ್ದರು. ಯಾರು ಯಾರನ್ನು ಎಬ್ಬಿಸಿದರೋ ತಿಳಿಯಲಿಲ್ಲ.

ಮಾತು ಕೊಟ್ಟಂತೆ ಸಂಜೆಗೆ ಕಂಬ ಬಂತು, ಬೆಂಚೂ ಬಂತು. ಟೆಲಿಫೋನಮ್ಮ ತಲೆ ಬಾಚಿಕೊಂಡು, ಯಜಮಾನರಿಗೂ ಅಂಗಿ ಬದಲಿಸಲು ಹೇಳಿ, ವಾಚನಾಲಯದ ಸಭೆಗೆ ಹೊರಡಲು ಬಾಗಿಲು ತೆಗೆದರು. ಹೊರಗೆ ಕ್ಷೌರಿಕ, ಬಾಲ್ಕನಿ ಅಕ್ಕ, ವಾಚನಾಲಯದವರು, ನೀರಿನವರು, ಪಿಂಚಣಿದಾರರು ಎಲ್ಲ ತಮ್ಮ ತಮ್ಮ ಕುರ್ಚಿ ಹೊತ್ತು ನಿಂತಿದ್ದರು.

ಇಂಥ ಮಂಡಿ ಇಟ್ಟುಕೊಂಡು ಅಮ್ಮ ಬಸ್ಸು ಹತ್ತುವುದು ಬೇಡ, ಇನ್ನು ಮೇಲೆ ಎಲ್ಲ ಸಭೆಗಳೂ ಇವರ ಮನೆಯಲ್ಲೇ ಎಂದು ಒಮ್ಮತದಿಂದ ತೀರ್ಮಾನವಾಗಿದೆ ಎಂದು ಕ್ಷೌರಿಕ ತಿಳಿಸಿದ. ಅಧ್ಯಕ್ಷರ ಆಯ್ಕೆಯೂ ಮುಗಿದಿತ್ತು. ಸದಾ ಮನೆಯಲ್ಲೇ ಇರುವವರಾದ್ದರಿಂದ ಯಜಮಾನರೇ ಅಧ್ಯಕ್ಷರು.

ಅಧ್ಯಕ್ಷರು ನಡುಮನೆಯಲ್ಲಿ ನಗುನಗುತ್ತಾ ಭಾಷಣ ಶುರುಮಾಡಿದರು. ಟೆಲಿಫೋನಮ್ಮ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಹೊರಗೆ ಬಸ್ಸು ಬಂದು ನಿಂತಿತು.

"ಅಮ್ಮ, ಹತ್ತಲ್ವಾ?" ಎಂದು ಕಂಡಕ್ಟರ್ ಕೂಗಿದ.

"ಎಲ್ಲಿಗೆ ಹೋಗ್ಲಪ್ಪ," ಎಂದರು ಅವರು.

ಅಷ್ಟರಲ್ಲಿ ಒಳಗಿನಿಂದ ಅಧ್ಯಕ್ಷರು, ತಮ್ಮ ಟೀಗೆ ಸಕ್ಕರೆ ಸಾಲದೆಂದು ಹೇಳಿಕಳಿಸಿದರು.