ಅತ್ತೆಯ ಕಾಲುವೆ ಲೆಕ್ಕ

ಕಾಲುವೆಗೆ ನೀರು ಬಿಡುವ ದಿನವನ್ನು ನಮ್ಮ ಹುಣಸಗಿ ಸೀಮೆಯಲ್ಲಿ ರೈತರಿಗಿಂತ ಹೆಚ್ಚು ಆಸ್ಥೆಯಿಂದ ಕಾಯುವವರು ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ. ಅವಳಿಗೆ ಒಂದು ಗುಂಟೆ ಹೊಲವೂ ಇಲ್ಲ. ಅವಳು ಸರಕಾರಿ ನರ್ಸು. ಸುತ್ತಲಿನ ಊರುಗಳ ಬಸುರಿಯರನ್ನು ನೋಡಿಕೊಳ್ಳುವುದು ಅವಳ ಕೆಲಸ. ನರ್ಸಿಗೂ ಕಾಲುವೆಗೂ ಏನು ಸಂಬಂಧ ಅನ್ನುತ್ತೀರಾ? ಹೇಳುತ್ತೇನೆ.

ಬಸುರಿಯರ ಆರೈಕೆ ಹೇಗಿರಬೇಕೆಂದು ದೇಶಕ್ಕೆಲ್ಲ ಒಂದೇ ನಿಯಮ ಮಾಡಿ ಸರಕಾರ ಅವಳಿಗೊಂದು ಪುಸ್ತಕ ಕೊಟ್ಟಿದೆ. ಬೇರೆಯವರು ಪುರಾಣ ಓದುವ ಭಕ್ತಿಯಿಂದ ಅತ್ತೆ ಅದನ್ನು ಓದುತ್ತಾಳೆ. ಅದರ ಮೊದಲ ಕಟ್ಟಳೆ, ಕೊನೆಯ ಮುಟ್ಟಿನ ತಾರೀಕು ಬರೆದುಕೊಳ್ಳಬೇಕು, ಹೆರಿಗೆಯ ದಿನವನ್ನು ಅದರಿಂದ ಎಣಿಸಬೇಕು. ಆದರೆ ತಾರೀಕು ಯಾರಿಗೆ ನೆನಪಿರುತ್ತದೆ? ಹೊಲದಲ್ಲಿ ಕಳೆ ತೆಗೆಯುವ ಹೆಂಗಸನ್ನು ಕೇಳಿದರೆ, "ಕಾಲುವಿಗೆ ನೀರು ಬಿಟ್ಟು ನಾಕು ದಿನಕ್ಕ ನೋಡ್ರಿ ಅಕ್ಕಾರ" ಎನ್ನುತ್ತಾಳೆ.

ಸರಿ, ಅತ್ತೆ ನೀರಾವರಿ ಕಚೇರಿಗೇ ಹೋದಳು. ಅಲ್ಲಿನ ಗುಮಾಸ್ತ ತಲೆಯೆತ್ತದೆ ಕೇಳಿದ, "ನಿಮ್ಮ ಹೊಲ ಎಲ್ಲಿ ಬರತೈತ್ರಿ?"

"ನಂದು ಹೊಲ ಇಲ್ಲಪ. ನನ್ನ ಕೈಯಾಗ ಹದಿನಾಲ್ಕು ಮಂದಿ ಬಸುರಿ ಅದಾರ."

ಆತ ಪೆನ್ನು ಕೆಳಗಿಟ್ಟ. "ಅದಕ್ಕ ನಾವೇನು ಮಾಡೂಣ್ರಿ?"

"ನೀವೇನೂ ಮಾಡಬ್ಯಾಡ್ರಿ. ನೀರು ಬಿಟ್ಟ ತಾರೀಕು ಹೇಳ್ರಿ, ಸಾಕು."

ಅಂದಿನಿಂದ ನೀರು ಬಿಟ್ಟ ದಿನ, ನಿಲ್ಲಿಸಿದ ದಿನ ಎರಡೂ ಅವಳ ವಹಿಯಲ್ಲಿವೆ. ಆ ಲೆಕ್ಕದಿಂದ ಹೇಳಿದ ದಿನದ ಆಸುಪಾಸಿನಲ್ಲೇ ಎಷ್ಟೋ ಮನೆಗಳಲ್ಲಿ ಕೂಸು ಹುಟ್ಟಿದ್ದರಿಂದ, ಅವಳ ಎದುರು ಪಂಚಾಂಗದವರೂ ಬಾಯಿ ತೆರೆಯುವುದಿಲ್ಲ.

ಅವಳ ಕಾಟ ಇಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಕಬ್ಬಿಣದ ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆಂದು ಅದನ್ನು ಹಿತ್ತಲಿಗೆ ಎಸೆಯುವವರುಂಟು. ಅಂಥವರ ಮನೆಗೆ ಅತ್ತೆ ದಿನವೂ ಊಟದ ಹೊತ್ತಿಗೆ ಹೋಗಿ, ತನ್ನೆದುರೇ ನುಂಗಿಸಿ, ನಾಲಿಗೆ ಎತ್ತಿಸಿ ನೋಡುತ್ತಾಳೆ. ಏಳನೇ ತಿಂಗಳ ಕುಬಸಕ್ಕೆ ಕರೆದರಂತೂ ಮುಗಿಯಿತು. ಹಸಿರು ಬಳೆ ತೊಡಿಸುವ ಮೊದಲು ಆ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾಳೆ. ಹಾಡು ಹೇಳುವವರು ಅರ್ಧಕ್ಕೇ ನಿಲ್ಲಿಸಬೇಕು. ಆ ಗದ್ದಲದಲ್ಲಿ ಅವಳಿಗೆ ನಾಡಿಯ ಬಡಿತ ಕೇಳಿಸುವುದಿಲ್ಲವಂತೆ.

ಇಂಥ ಅತ್ತೆಯ ಕೈಗೆ ನನ್ನ ಹೆಂಡತಿ ಸಿಕ್ಕಳು. ಹಿಂದಿನ ವರ್ಷ ಅವಳ ಬಸಿರು ಮೂರು ತಿಂಗಳಿಗೇ ಹೋಗಿತ್ತು. ಇದಾದರೂ ನಿಲ್ಲಲಿ ಎಂದು ಮನೆಮಂದಿಯೆಲ್ಲ ಹರಕೆ ಹೊತ್ತಿದ್ದೆವು. ಚೊಚ್ಚಿಲ ಹೆರಿಗೆ ತವರಿನಲ್ಲಾಗುವುದು ನಮ್ಮ ಕಡೆಯ ಪದ್ಧತಿ. ಅವಳ ತವರು ಕಾಲುವೆಯ ತುದಿಯ ಹಳ್ಳಿ. ಹೊತ್ತುಗೊತ್ತಿಲ್ಲದ ಒಂದು ಬಸ್ಸು, ಆಸ್ಪತ್ರೆ ದೂರ. ಅತ್ತೆ ಒಂದೇ ಮಾತಿನಲ್ಲಿ ಹೇಳಿದಳು, "ಬ್ಯಾಡ. ಇಲ್ಲೇ ಇರಲಿ." ಹೆಂಡತಿ ಎದುರಾಡಲಿಲ್ಲ. ನಾನೂ ಕೇಳಲಿಲ್ಲ.

ಅವಳೂ ಅತ್ತೆಗೆ ಹೇಳಿದ್ದು ಕಾಲುವೆ ನೀರಿನ ಲೆಕ್ಕವನ್ನೇ. ಅದರಿಂದ ಎಣಿಸಿ ಅತ್ತೆ ಹೇಳಿದ ದಿನ ಬಂತು, ಹೋಯಿತು. ನೋವಿನ ಸುಳಿವಿಲ್ಲ. ದಿನ ಮೀರಿದರೆ ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಅತ್ತೆ ಮರುದಿನ ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು ಮೊದಲ ಬಸ್ಸಿಗೇ ಆಸ್ಪತ್ರೆಗೆ ಹೊರಟಳು. ಅಲ್ಲಿ ಡಾಕ್ಟರಮ್ಮ ಸ್ಕ್ಯಾನಿಂಗ್ ಕಾಗದ ನೋಡಿ, "ಇನ್ನೂ ಒಂಬತ್ತು ದಿನ ಅದಾವಲ್ರಿ ಸಿಸ್ಟರ್" ಎಂದರು.

"ಯಂತ್ರ ತಪ್ಪತೈತ್ರಿ. ಕಾಲುವಿ ತಪ್ಪಂಗಿಲ್ಲ" ಎಂದಳು ಅತ್ತೆ.

ಆಗ ನನ್ನ ಹೆಂಡತಿ ಮೆಲ್ಲಗೆ, "ನಾ ಹೇಳಿದ್ದು ನಮ್ಮೂರ ನೀರ್ರಿ ಅತ್ತಿ. ಇಲ್ಲಿ ಬಿಟ್ಟು ಹತ್ತು ದಿನಕ್ಕ ಅಲ್ಲಿ ಮುಟ್ಟತೈತಿ. ಇವತ್ತ ನೀರು ಬಂತವ್ವ ಅಂತ ನಮ್ಮವ್ವ ಫೋನ್ ಮಾಡಿದ್ಳು. ಅದನ್ನ ನೆನಪಿಟ್ಟಿದ್ದೆ" ಎಂದಳು.

ಡಾಕ್ಟರಮ್ಮ ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ. "ತಪ್ಪು ನಂದ. ಆದರ ಬಂದೀವಂದ ಮ್ಯಾಲೆ ಬಿ.ಪಿ. ನೋಡ್ರಿ, ಮೂತ್ರ ನೋಡ್ರಿ. ಬಂದಾಗೊಮ್ಮೆ ನೋಡಬೇಕು" ಎಂದು ಪಟ್ಟು ಹಿಡಿದಳು.

ನೋಡಿದರು. ಎಂಟು ದಿನದ ಹಿಂದೆ ಸರಿಯಿದ್ದ ಬಿ.ಪಿ. ವಿಪರೀತ ಏರಿತ್ತು. ಹೆಂಡತಿ ನಸುಕಿನಿಂದ ತಲೆನೋವು ನುಂಗಿಕೊಂಡು ಕುಳಿತಿದ್ದಳು, ಯಾರಿಗೂ ಹೇಳಿರಲಿಲ್ಲ. ಇನ್ನು ಕಾಯುವಂತಿಲ್ಲ, ತಾಯಿ ಮಗು ಇಬ್ಬರಿಗೂ ಅಪಾಯ, ಹೆರಿಗೆ ಮಾಡಿಸಬೇಕು ಎಂದರು ಡಾಕ್ಟರಮ್ಮ.

ಅವಳನ್ನು ಒಳಗೆ ಕರೆದೊಯ್ದ ಮೇಲೆ ಅತ್ತೆ ಬೆಂಚಿನ ಮೇಲೆ ಕುಳಿತಳು. ಆಮೇಲೆ ಹೇಳಿದಳು, "ಹೆರಿಗಿ ಹೊತ್ತಿನ್ಯಾಗ ಬಸುರಿ ಯಾರು ಬೇಕಂತಾಳೋ ಆ ಹೆಣಮಗಳು ಜೋಡಿ ಇರಬೇಕಂತ ಪುಸ್ತಕದಾಗ ಬರದೈತಿ. ನೂರು ಸಲ ಓದೀನಿ. ನಿನ್ನ ಹೇಂತಿಗೆ ಒಂದು ಸಲನೂ ಕೇಳಲಿಲ್ಲ ನಾ."

"ನೀ ಇದ್ದೀಯಲ್ಲ ಅತ್ತಿ."

"ನಾ ಇದ್ದರ ಏನಾತು? ದಿನಾ ಎಣಿಸೂದೂ ತವರ ಲೆಕ್ಕದಾಗ ಎಣಿಸ್ಯಾಳ ಆ ಹುಡುಗಿ."

ಎದ್ದು ಬಸ್ ಸ್ಟ್ಯಾಂಡಿಗೆ ನಡೆದಳು. ಸಂಜೆಗೆ ಗಂಡಿನ ಕಡೆಯ ಬೀಗಿತ್ತಿಯ ಹಾಗೆ ಗತ್ತಿನಿಂದಲ್ಲ, ತಪ್ಪಿತಸ್ಥಳ ಹಾಗೆ ತಲೆ ತಗ್ಗಿಸಿಕೊಂಡು, ಹೆಂಡತಿಯ ತಾಯಿಯನ್ನು ಕರೆತಂದಳು. ಹೆರಿಗೆ ಕೋಣೆಯ ಬಾಗಿಲವರೆಗೆ ಬಂದು, ತಾನು ಹೊರಗೇ ನಿಂತಳು. "ನೀವು ಹೋಗ್ರಿ ಒಳಗ" ಎಂದಳು.

ಮರುದಿನ ಬೆಳಿಗ್ಗೆ ಒಳಗಿನಿಂದ ನನ್ನ ಹೆಂಡತಿ "ಯವ್ವಾ" ಎಂದು ಕೂಗಿದ್ದು ಕೇಳಿಸಿತು. "ಇಲ್ಲೇ ಅದೀನಿ ಮಗಳ" ಎಂದು ಅವಳ ತಾಯಿ ಅಂದದ್ದೂ ಕೇಳಿಸಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನಮ್ಮ ಮಗಳು ಅತ್ತದ್ದು ಅದಾದ ಮೇಲೆ.